ಅಪ್ಪನ ರಿಟೈರ್‌ಮೆಂಟು, ಮನೆಮಂದಿಯ ಲೆಕ್ಕ

ಹೋದ ಅಕ್ಟೋಬರ್ ಕೊನೆಗೆ ನಮ್ಮಪ್ಪ ರಿಟೈರ್ ಆದರು. ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ 34 ವರ್ಷ ಶಿಫ್ಟ್ ಡ್ಯೂಟಿ ಮಾಡಿದವರು. ಶಾಲು, ಹಾರ, ಗೋಡೆ ಗಡಿಯಾರ, ಒಂದು ಫೋಟೊ. ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ಅಂಗಿ ಹಾಕ್ಕೊಂಡು, ಆಮೇಲೆ ಎಲ್ಲಿಗೆ ಹೋಗೋದು ಅಂತ ಗೊತ್ತಾಗದೆ ಕಟ್ಟೆ ಮೇಲೆ ಕೂತಿದ್ದರಂತೆ. ಅವ್ವ ಫೋನಿನಲ್ಲಿ ಇದನ್ನು ನಗುತ್ತಾ ಹೇಳಿದಳು. ನನಗೆ ಬೆಂಗಳೂರಿನಲ್ಲಿ ಕೂತು ನಗು ಬರಲಿಲ್ಲ.

ಹದಿನೈದು ದಿನಕ್ಕೆ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 31 ಲಕ್ಷ ಅವರ ಖಾತೆಗೆ ಬಂತು. ಜೀವಮಾನದಲ್ಲಿ ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿರದ ಮನುಷ್ಯ. ದುಡ್ಡು ಬಂದ ಸುದ್ದಿ ನಮಗಿಂತ ಮೊದಲು ಊರಿಗೆ ಗೊತ್ತಾಗಿತ್ತು. ಒಬ್ಬರು ಪಾಲಿಸಿ ಹಿಡ್ಕೊಂಡು ಬಂದರು, ಇನ್ನೊಬ್ಬರು ಸೊಸೈಟಿಯಲ್ಲಿ 11 ಪರ್ಸೆಂಟ್ ಬಡ್ಡಿ ಅಂದರು, ಮತ್ತೊಬ್ಬರು ಗಣೇಶಗುಡಿ ಕಡೆ ಹೋಮ್‌ಸ್ಟೇಗೆ ಜಾಗ ಇದೆ, ಪಾರ್ಟ್ನರ್ ಆಗ್ತೀರಾ ಅಂದರು. ಅಪ್ಪ ಎಲ್ಲರಿಗೂ ಚಹಾ ಕೊಟ್ಟು "ನೋಡೋಣಂತ" ಅಂದು ಕಳಿಸಿದರು. ನಮ್ಮಪ್ಪನ "ನೋಡೋಣಂತ" ಅನ್ನೋದು ಬಹಳ ದೊಡ್ಡ ಕಪಾಟು. ಅದರೊಳಗೆ 2009ರಿಂದ ಎಷ್ಟೋ ವಿಷಯ ಬಿದ್ದಿವೆ. ಅದನ್ನು ಮುಂದೆ ಹೇಳ್ತೀನಿ.

ಆಫೀಸಿನ ಗೆಳತಿಯೊಬ್ಬಳು ಹುಬ್ಬಳ್ಳಿಯ ಒಬ್ಬ ಫೈನಾನ್ಷಿಯಲ್ ಪ್ಲ್ಯಾನರ್ ನಂಬರ್ ಕೊಟ್ಟಳು. ಸೆಬಿಯಲ್ಲಿ ಹೂಡಿಕೆ ಸಲಹೆಗಾರರೆಂದು ನೋಂದಣಿ ಮಾಡಿಸಿಕೊಂಡವರು, ಕಮಿಷನ್ ತಗೊಳ್ಳೋದಿಲ್ಲ, ನಮ್ಮಿಂದ ಫೀ ಮಾತ್ರ. ಅಪ್ಪನಿಗೆ ಇದೇ ಮೊದಲ ಆಘಾತ. "ಮಾತಾಡಿದ್ದಕ್ಕ ರೊಕ್ಕ ಕೊಡೋದಾ? ಆ ಪಾಲಿಸಿಯಾಂವ ಪುಕ್ಕಟೆ ಹೇಳಾಕತ್ತಾನ." ಪುಕ್ಕಟೆ ಹೇಳುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ವಿವರಿಸೋಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಫೀ ನಾನು ಕೊಡ್ತೀನಿ ಅಂದ ಮೇಲೆ ಒಪ್ಪಿದರು. ಡಿಸೆಂಬರ್‌ನ ಒಂದು ಶನಿವಾರ ಅಪ್ಪ, ಅವ್ವ, ನಾನು ಮೂವರೂ ಹುಬ್ಬಳ್ಳಿಗೆ ಹೋದೆವು.

ದುಡ್ಡಿನ ಭಾಗ ಬೇಗ ಮುಗಿಯಿತು, ಇಲ್ಲೂ ಬೇಗ ಮುಗಿಸ್ತೀನಿ. ಅಪ್ಪನಿಗೆ ಇಪಿಎಸ್ ಪಿಂಚಣಿ ತಿಂಗಳಿಗೆ ನಾಲ್ಕೂವರೆ ಸಾವಿರದ ಆಸುಪಾಸು. 34 ವರ್ಷ ದುಡಿದು ಇಷ್ಟೇನಾ ಅಂತ ಕೇಳಬೇಡಿ. ಸೂತ್ರವೇ ಹಾಗಿದೆ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸೋದು. ಆ ಸಂಬಳದ ಮಿತಿ 2014ರ ಸೆಪ್ಟೆಂಬರ್‌ಗೆ ಮೊದಲು 6,500, ಆಮೇಲೆ 15,000. ನಿಜವಾದ ಸಂಬಳ ಎಷ್ಟೇ ಇರಲಿ, ಸಾಮಾನ್ಯವಾಗಿ ಅಷ್ಟರ ಮೇಲೆಯೇ ಲೆಕ್ಕ. ತುಟ್ಟಿಭತ್ಯೆ ಇಲ್ಲ, ಹೆಚ್ಚಳ ಇಲ್ಲ. ಅಪ್ಪನ ನಂತರ ಅವ್ವನಿಗೆ ಅದರ ಅರ್ಧ.

ಮೇಡಂ ಮೊದಲು ಕೇಳಿದ್ದು ದುಡ್ಡು ಎಷ್ಟಿದೆ ಅಂತ ಅಲ್ಲ, ಅವ್ವನ ವಯಸ್ಸೆಷ್ಟು ಅಂತ. ಅಪ್ಪನಿಗೆ 58, ಅವ್ವನಿಗೆ 53. "ಸರ್, ಈ ದುಡ್ಡು ನಿಮ್ಮ ರಿಟೈರ್‌ಮೆಂಟಿಗೆ ಅಂತ ತಿಳ್ಕೊಂಡೀರಿ. ಇದು ಇವರ ವೃದ್ಧಾಪ್ಯಕ್ಕೆ. ಮೂವತ್ತು ವರ್ಷ ಬರಬೇಕು." ನಮ್ಮ ಮನೆ ಖರ್ಚು ತಿಂಗಳಿಗೆ 22 ಸಾವಿರ. ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರಿದರೂ ಹನ್ನೆರಡು ವರ್ಷಕ್ಕೆ ಅದು 44 ಸಾವಿರ. ಆಗ ಅಪ್ಪನಿಗೆ 70, ಪಿಂಚಣಿ ಅದೇ ನಾಲ್ಕೂವರೆ ಸಾವಿರ.

ಹಾಗಾಗಿ 20 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಬಡ್ಡಿ 8.2 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ 41 ಸಾವಿರ ಕೈಗೆ. ಇದಕ್ಕೆ 60 ತುಂಬಿರಬೇಕು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಆದರೆ 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇಟ್ಟರೆ ಆಗುತ್ತದೆ. ಮೊದಲು ಒಂದೇ ತಿಂಗಳಿತ್ತು, 2023ರ ನವೆಂಬರ್‌ನಲ್ಲಿ ಮೂರು ಮಾಡಿದರು. ನಮಗೆ ಫೆಬ್ರವರಿ ಮಧ್ಯದ ತನಕ ಸಮಯ ಇತ್ತು. "ನೋಡೋಣಂತ" ಅಂದಿದ್ದರೆ ಹೋಗುತ್ತಿತ್ತು. 5 ಲಕ್ಷ ಮ್ಯೂಚುವಲ್ ಫಂಡಿಗೆ, ಹತ್ತು ವರ್ಷ ಮುಟ್ಟಬಾರದು ಅನ್ನೋ ಕರಾರಿನ ಮೇಲೆ. 4 ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ, ಆಸ್ಪತ್ರೆಗೆ ಅಂತಲೇ. ಇನ್ನು ಸೊಸೈಟಿಯ 11 ಪರ್ಸೆಂಟ್. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷದ ತನಕ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರಿ ಸೊಸೈಟಿಗೆ ಇಲ್ಲ. ಬೋರ್ಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮೇಡಂ ಇದನ್ನು ಎರಡು ಸಲ ಹೇಳಿದರು. ಅಪ್ಪ ತಲೆ ಅಲ್ಲಾಡಿಸಿದರು, ಮನೆಗೆ ಬಂದು 2 ಲಕ್ಷ ಅಲ್ಲೇ ಇಟ್ಟರು. "ಅಲ್ಲಿ ನಮ್ಮ ಮಂದಿ ಅದಾರ" ಅಂದರು. ಇರಲಿ.

ಈಗ ಆಸ್ಪತ್ರೆ ವಿಷಯ. ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ. ದೊಡ್ಡ ಕಾಯಿಲೆ ಅಂದರೆ ಧಾರವಾಡ, ಹುಬ್ಬಳ್ಳಿ, ಇಲ್ಲವೇ ಬೆಳಗಾವಿ. 2022ರ ಜುಲೈನಲ್ಲಿ ರೋಗಿಯನ್ನು ಹೊತ್ತು ಜಿಲ್ಲೆಯ ಹೊರಗೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಪಲ್ಟಿಯಾದ ಮೇಲೆ, ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎದ್ದ ಕೂಗು ನಿಮಗೂ ನೆನಪಿರಬಹುದು. ನಮ್ಮ ಮನೆಯಲ್ಲಿ ಅದು ಬರೀ ಸುದ್ದಿಯಲ್ಲ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರ್ಕೊಂಡಾಗ, ತಮ್ಮ ಗೆಳೆಯನ ಜೀಪಿನಲ್ಲಿ ರಾತ್ರಿ ಹುಬ್ಬಳ್ಳಿಗೆ ಕರ್ಕೊಂಡು ಹೋದ. ಆ ರಸ್ತೆಯ ಒಂದೊಂದು ಗುಂಡಿಗೂ ಅಜ್ಜಿ ಕೂಗಿದ್ದನ್ನು ಅವನು ಈಗಲೂ ಹೇಳ್ತಾನೆ. ಬಿಲ್ಲು ಒಂದು ಲಕ್ಷ ಎಂಬತ್ತು ಸಾವಿರ. ವಿಮೆ ಇರಲಿಲ್ಲ.

ನನ್ನ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅವ್ವ ಇದ್ದಾರೆ, ಸಾಕು ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಮೇಡಂ ಕೇಳಿದರು: "ನಿಮ್ಮ ಕೆಲಸ ಹೋದರೆ?" ನಮ್ಮ ಫೀಲ್ಡಿನಲ್ಲಿ ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳೋದಿಲ್ಲ. ಹೋದ ವರ್ಷ ನಮ್ಮ ಟೀಮಿನಿಂದ ಮೂವರು ಹೋದರು. ಅವರ ಜೊತೆ ಅವರ ಅಪ್ಪ ಅವ್ವಂದಿರ ವಿಮೆಯೂ ಹೋಯಿತು ಅಂತ ನನಗೆ ಅವತ್ತೇ ಹೊಳೆದದ್ದು. ಒಂದೇ ಸರ್ವರ್ ಮೇಲೆ ಎಲ್ಲ ನಡೆಸಬಾರದು ಅಂತ ದಿನಾ ಬೇರೆಯವರಿಗೆ ಪಾಠ ಹೇಳೋಳು ನಾನು.

ಹಾಗಾಗಿ ಅಪ್ಪ ಅವ್ವನ ಹೆಸರಿನಲ್ಲೇ ಬೇರೆ ಪಾಲಿಸಿ: 5 ಲಕ್ಷದ್ದು ಮೂಲ, ಅದರ ಮೇಲೆ ಸೂಪರ್ ಟಾಪ್-ಅಪ್. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ, ಅಷ್ಟು ಉಳಿಯಿತು. ಕಷ್ಟ ಬಂದದ್ದು ಅರ್ಜಿ ತುಂಬುವಾಗ. ಅಪ್ಪನಿಗೆ ಆರು ವರ್ಷದಿಂದ ಶುಗರ್. ಊರಿನ ಏಜೆಂಟರು ಅವರ ಕಿವಿಯಲ್ಲಿ ಊದಿದ್ದರು: "ಶುಗರ್ ಬರೀಬ್ಯಾಡ್ರಿ, ಪ್ರೀಮಿಯಂ ಏರತೈತಿ." ಅಪ್ಪನೂ ಅದೇ ಹಟ. ಗುಳಿಗೆ ಒಂದೇ ತಾನೇ, ಅದೇನು ರೋಗವಾ ಅಂತ.

ನಮ್ಮ ಓಣಿಯಲ್ಲೇ ಒಬ್ಬರು ಹೀಗೆ ಬರೆಯದೇ ಪಾಲಿಸಿ ತಗೊಂಡಿದ್ದರು. ಮುಂದಿನ ವರ್ಷ ಆಸ್ಪತ್ರೆ ಸೇರಿದಾಗ ಡಾಕ್ಟರ್ "ಎಷ್ಟು ವರ್ಷದಿಂದ ಶುಗರ್ ಇದೆ" ಅಂತ ಕೇಳಿದರು, ಅವರ ಹೆಂಡತಿ ಪ್ರಾಮಾಣಿಕವಾಗಿ "ಏಳು ವರ್ಷ" ಅಂದರು. ಕೇಸ್ ಪೇಪರಿನಲ್ಲಿ ಅದೇ ಬಿತ್ತು. ಕ್ಲೇಮ್ ತಿರಸ್ಕಾರ. ಜಡ್ಡಾದಾಗ ಡಾಕ್ಟರಿಗೆ ಸುಳ್ಳು ಹೇಳೋಕೆ ಯಾರಿಗೆ ಬರುತ್ತದೆ ಹೇಳಿ? ಈ ಕಥೆ ಅಪ್ಪನಿಗೂ ಗೊತ್ತಿತ್ತು, ಆದರೆ ತಮಗೂ ಅದಕ್ಕೂ ಸಂಬಂಧ ಇದೆ ಅನ್ನಿಸಿರಲಿಲ್ಲ.

ಮೇಡಂ ನಿಯಮ ಹೇಳಿದರು. 2024ರ ಏಪ್ರಿಲ್‌ನಿಂದ, ಮೊದಲೇ ಇದ್ದ ಕಾಯಿಲೆಗೆ ಕಂಪನಿ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು, ಆಮೇಲೆ ಕೊಡಲೇಬೇಕು. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, "ನೀವು ಇದನ್ನು ಹೇಳಿರಲಿಲ್ಲ" ಅಂತ ತಕರಾರು ತೆಗೆಯುವ ಹಾಗಿಲ್ಲ. "ಅಂದ್ರೆ ಐದು ವರ್ಷ ಸುಮ್ಮನಿದ್ದರೆ ಆಯಿತಲ್ಲ" ಅಂತ ಅಪ್ಪ ತಕ್ಷಣ ದಾರಿ ಹುಡುಕಿದರು. ಮೇಡಂ ನಕ್ಕು "ಐದು ವರ್ಷ ನಿಮಗ ಏನೂ ಆಗಂಗಿಲ್ಲ ಅಂತ ಬರ್ಕೊಡ್ತೀರೇನ್ರಿ ಸರ್?" ಅಂದರು. ಶುಗರ್ ಬರೆದೆವು. ರಕ್ತ ಪರೀಕ್ಷೆ ಆಯಿತು, ಪ್ರೀಮಿಯಂ ಸ್ವಲ್ಪ ಏರಿತು, ಪಾಲಿಸಿ ಬಂತು.

ಇನ್ನೆರಡು ಮಾತು, ಇವು ನನಗೆ ಗೊತ್ತೇ ಇರಲಿಲ್ಲ. ಒಂದು ರೂಮ್ ಬಾಡಿಗೆ ಮಿತಿ. ಪಾಲಿಸಿಯಲ್ಲಿ ದಿನಕ್ಕೆ 5 ಸಾವಿರ ಅಂತಿದ್ದು ನೀವು 8 ಸಾವಿರದ ರೂಮ್ ಹಿಡಿದರೆ, ಮೇಲಿನ 3 ಸಾವಿರ ಮಾತ್ರ ನಿಮ್ಮ ತಲೆ ಮೇಲೆ ಅಂದ್ಕೊಂಡಿದ್ದೆ. ಹಾಗಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಇಂಥ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡಬಹುದು. ಅವು 1 ಲಕ್ಷ 60 ಸಾವಿರ ಆಗಿದ್ದರೆ ಸಿಗೋದು ಒಂದೇ ಲಕ್ಷ. ಹಾಗಾಗಿ ಈ ಮಿತಿ ಇಲ್ಲದ ಪಾಲಿಸಿಯನ್ನೇ ಹುಡುಕಿ. ಎರಡನೆಯದು, ಕ್ಯಾಶ್‌ಲೆಸ್ ಆಸ್ಪತ್ರೆಗಳ ಪಟ್ಟಿ. ಬೆಂಗಳೂರಿನಲ್ಲಿ ಎಷ್ಟಿವೆ ಅನ್ನೋದು ದಾಂಡೇಲಿಯ ಅಪ್ಪನಿಗೆ ಉಪಯೋಗಕ್ಕೆ ಬಾರದ್ದು. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯಲ್ಲಿ ಯಾವ್ಯಾವು ಅಂತ ನೋಡಿ, ಬರೆದು, ಫ್ರಿಜ್ಜಿನ ಮೇಲೆ ಅಂಟಿಸಿ. ನಾವು ಅಂಟಿಸಿದ್ದೇವೆ. 79ರ ಅಜ್ಜಿಗೆ ಪಾಲಿಸಿ ಕೊಡೋದಿಲ್ಲ ಅಂತ ವಯಸ್ಸಿನ ನೆಪ ಈಗ ಹೇಳುವಂತಿಲ್ಲವಾದರೂ ಪ್ರೀಮಿಯಂ ಕೇಳಿ ಕೈಬಿಟ್ಟೆವು. ಆ 4 ಲಕ್ಷದ ಎಫ್‌ಡಿಯೇ ಅಜ್ಜಿಯ ವಿಮೆ. ಅಂದಹಾಗೆ, ನಿವೃತ್ತಿಯ ದಿನದ ತನಕ ಇಎಸ್‌ಐನಲ್ಲಿದ್ದು, ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಹೆಂಡತಿ ಅಥವಾ ಗಂಡನಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ಅಪ್ಪನ ಸಂಬಳ 21 ಸಾವಿರದ ಮಿತಿ ಯಾವಾಗಲೋ ದಾಟಿತ್ತು, ನಮಗೆ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಇವತ್ತೇ ವಿಚಾರಿಸಿ.

ಮೂರನೆಯ ವಿಷಯಕ್ಕೆ ಬಂದಾಗ ಅವ್ವ ಎದ್ದು ನೀರು ಕುಡಿಯೋಕೆ ಹೋದಳು. ಉಯಿಲು. "ಅದ ಮಾತು ಈಗ್ಯಾಕ" ಅಂತ ಅಪ್ಪ. ಮೇಡಂ ಒತ್ತಾಯ ಮಾಡಲಿಲ್ಲ, ಒಂದು ಹಾಳೆಯ ಮೇಲೆ ನಮ್ಮ ಮನೆಯವರ ಹೆಸರು ಬರೆದರು. ದಾಂಡೇಲಿಯ ಮನೆ ಅಪ್ಪ ಸಾಲ ಮಾಡಿ ಕಟ್ಟಿಸಿದ್ದು. "ಸರ್, ಬರೆದಿಡದಿದ್ದರೆ ಈ ಮನೆ ಯಾರಿಗೆ?" ಅಪ್ಪ: "ಮತ್ಯಾರಿಗೆ, ಇವರವ್ವಗ, ಆಮ್ಯಾಲೆ ಮಕ್ಕಳಿಗೆ." ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ದರ್ಜೆಯ ವಾರಸುದಾರರಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಇದ್ದಾಳೆ. ತಂದೆ ಆ ದರ್ಜೆಯಲ್ಲಿ ಇಲ್ಲ, ತಾಯಿ ಇದ್ದಾಳೆ. ಅಂದರೆ ಅವ್ವ, ನಾನು, ತಮ್ಮ, ಅಜ್ಜಿ, ನಾಲ್ಕು ಸಮ ಪಾಲು. ಅಜ್ಜಿಯ ನಂತರ ಆಕೆಯ ಕಾಲು ಪಾಲು ಮತ್ತೆ ಒಡೆದು ಇಬ್ಬರು ಅತ್ತಿಯರಿಗೂ ಹೋಗುತ್ತದೆ. ಅಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿದರು.

ನಾಮಿನಿ ವಿಷಯವೂ ಅಲ್ಲೇ ಬಂತು. ಅಪ್ಪನ ಒಂದು ಹಳೆಯ ಎಫ್‌ಡಿಗೆ ನಾಮಿನಿ ನಮ್ಮ ಅಜ್ಜ. ಅಜ್ಜ ತೀರಿಕೊಂಡು 16 ವರ್ಷ! ನಾಮಿನಿ ಅಂದರೆ ಮಾಲೀಕ ಅಂತಲೂ ಬಹಳ ಜನ ತಿಳ್ಕೊಂಡಿರ್ತಾರೆ. ಬ್ಯಾಂಕು ದುಡ್ಡನ್ನು ಯಾರ ಕೈಗೆ ಕೊಡಬೇಕು ಅನ್ನೋದಷ್ಟೇ ನಾಮಿನೇಷನ್. ದುಡ್ಡು ಯಾರದು ಅನ್ನೋದು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು ಹೇಳುತ್ತದೆ. ಷೇರುಗಳ ಬಗ್ಗೆಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ಜೀವ ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದ್ದೇ. ಬ್ಯಾಂಕಿನಲ್ಲಿ 2025ರ ನವೆಂಬರ್‌ನಿಂದ ನಾಲ್ಕು ಜನರ ತನಕ ನಾಮಿನಿ ಮಾಡಬಹುದು.

ಉಯಿಲು ಬರೆಯೋದು ನಾವು ಅಂದ್ಕೊಂಡಷ್ಟು ದೊಡ್ಡ ಕೆಲಸ ಅಲ್ಲ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಸಹಿ, ಇಬ್ಬರು ಸಾಕ್ಷಿಗಳ ಸಹಿ. ಆಸ್ತಿ ಸಿಗುವವರೇ ಸಾಕ್ಷಿ ಆಗದಿದ್ದರೆ ಒಳ್ಳೆಯದು, ಸಾಕ್ಷಿಗಳು ನಮಗಿಂತ ಚಿಕ್ಕವರಾಗಿದ್ದರೆ ಇನ್ನೂ ಒಳ್ಳೆಯದು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಅಪ್ಪನ ಮನಸ್ಸಿನಲ್ಲಿ ಇದ್ದದ್ದು ಬೇರೆ: ಮನೆಯನ್ನು ಈಗಲೇ ತಮ್ಮನ ಹೆಸರಿಗೆ ದಾನಪತ್ರ ಮಾಡಿಬಿಡೋದು. ತಮ್ಮ ಗಣೇಶಗುಡಿಯಲ್ಲಿ ರಾಫ್ಟಿಂಗ್ ಗೈಡ್. ನೀರು ಬಿಟ್ಟಾಗ ಕೆಲಸ, ಮಳೆಗಾಲದಲ್ಲಿ ಖಾಲಿ, ಪಿಎಫ್ ಇಲ್ಲ, ಏನಿಲ್ಲ. "ನೀ ದುಡೀತಿ, ನಿಂಗೇನ್ ಕಮ್ಮಿ?" ಅಂತ ನನಗೆ. ನನಗೆ ಬೇಜಾರಾಯಿತೋ ಅಂದರೆ, ಆಯಿತು. ಮನೆ ಬೇಕು ಅಂತ ಅಲ್ಲ. ನನ್ನನ್ನು ಕೇಳದೆ ನನ್ನ ಉತ್ತರ ಅವರೇ ಬರ್ಕೊಂಡಿದ್ದರಲ್ಲ, ಅದಕ್ಕೆ.

ಮೇಡಂ ಅದರೊಳಗೆ ತಲೆ ಹಾಕಲಿಲ್ಲ. "ದಾನ ಮಾಡಿದ ಮರುದಿನದಿಂದ ಅದು ನಿಮ್ಮ ಮನೆ ಅಲ್ಲ ಸರ್" ಅಂದರು ಅಷ್ಟೇ. 2007ರ ಪಾಲಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ದಾನವನ್ನು ರದ್ದು ಮಾಡಿಸಬಹುದು; ಆದರೆ ನೋಡಿಕೊಳ್ಳಬೇಕು ಅನ್ನೋ ಕರಾರು ಪತ್ರದಲ್ಲೇ ಇದ್ದರೆ ದಾರಿ ಸುಲಭ. ತಮ್ಮ ಅಂಥವನಲ್ಲ. ಆದರೂ ಅವ್ವ ತನ್ನದೇ ಅಡುಗೆಮನೆಯಲ್ಲಿ ಯಾರ ದಯೆಯ ಮೇಲೂ ಇರಬಾರದು. ನಾನು ಹೇಳಿದ್ದು ಇಷ್ಟೇ: ಮನೆ ಮೊದಲು ಅವ್ವನ ಜೀವ ಇರುವ ತನಕ ಅವ್ವನಿಗೆ, ಆಮೇಲೆ ತಮ್ಮನಿಗೆ, ನಾನು ಸಹಿ ಹಾಕ್ತೀನಿ. ಅಪ್ಪ ಏನೂ ಮಾತಾಡಲಿಲ್ಲ. ದಾರಿಯಲ್ಲಿ, ಹಳಿಯಾಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, "ಅಷ್ಟರಾಗ ನಿಂದೂ ಒಂದು ಖೋಲಿ ಅಂತ ಬರೀತೀನಿ, ತವರು ಮನಿ ಇರಬೇಕಲಾ" ಅಂದರು. ನಾನು ಕಿಟಕಿ ಕಡೆ ತಿರುಗಿ ಕೂತೆ.

ಇನ್ನು ಆ 2009ರ ಕಪಾಟು. ಹಳಿಯಾಳ ತಾಲ್ಲೂಕಿನ ನಮ್ಮ ಎರಡೂವರೆ ಎಕರೆ ಗದ್ದೆಯ ಪಹಣಿ ಇವತ್ತಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಮಾಡಿಸಿಲ್ಲ. ಯಾಕೆ ಅಂದರೆ ವಂಶವೃಕ್ಷ ತೆಗೆಸಿದರೆ ಅದರಲ್ಲಿ ಅತ್ತಿಯರ ಹೆಸರು ಬರುತ್ತದೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂದಿತ್ತು, ಆಗ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ. 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಸ್ಪಷ್ಟ ಮಾಡಿತು. ಅಪ್ಪ ಇದನ್ನೆಲ್ಲ ಪೇಪರಿನಲ್ಲಿ ಓದಿದ್ದಾರೆ. ಓದಿ ಮಡಚಿಟ್ಟಿದ್ದಾರೆ.

ಸಂಕ್ರಾಂತಿಗೆ ಅತ್ತಿಯರಿಬ್ಬರೂ ಮನೆಗೆ ಬಂದಿದ್ದರು. ಎಳ್ಳು ಬೆಲ್ಲ ಆದ ಮೇಲೆ ಅಪ್ಪನೇ ವಿಷಯ ತೆಗೆದರು, ನನಗೆ ಆಶ್ಚರ್ಯ. ಮುಂಡಗೋಡಿನ ಸಣ್ಣತ್ತಿ ತಕ್ಷಣ, "ನನಗೇನೂ ಬ್ಯಾಡ ಅಣ್ಣಾ. ಆದ್ರ ಹದಿನಾರು ವರ್ಷ ಆತು, ಒಮ್ಮಿ ಕೇಳಬೇಕಿತ್ತು ನೀ" ಅಂದಳು. ಹಳಿಯಾಳದ ದೊಡ್ಡತ್ತಿ ಸುಮ್ಮನಿದ್ದಳು. ಮಾವ ಇಲ್ಲ, ಮಗ ಪುಣೆಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ, "ನನಗ ಬೇಕು" ಅಂದಳು. ಎರಡೇ ಶಬ್ದ. ಅಪ್ಪನ ಮುಖ ನೋಡೋಕೆ ನನಗೆ ಧೈರ್ಯ ಇರಲಿಲ್ಲ. ಅಜ್ಜಿ ಮಂಚದ ಮೇಲಿಂದಲೇ "ಕೊಡು, ಆಕಿ ಅದೇ ಗದ್ದಿಯೊಳಗ ನಾಟಿ ಹಚ್ಚಿ ಬೆಳೆದಾಕಿ" ಅಂದಳು.

ಸಣ್ಣತ್ತಿ ಬಾಯಲ್ಲಿ ಬೇಡ ಅಂದರೆ ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಅದಕ್ಕೆ ಅವಸರ ಮಾಡಬೇಡಿ, ಮೊದಲು ಎಲ್ಲರ ಹೆಸರೂ ಖಾತೆಗೆ ಬರಲಿ ಅಂತ ಮೇಡಂ ಹೇಳಿದ್ದರು. ಮುಂದಿನ ವಾರ ನಾಡಕಚೇರಿಗೆ ಅರ್ಜಿ ಹೋಯಿತು: ಅಜ್ಜನ ಮರಣ ಪತ್ರ, ವಂಶವೃಕ್ಷ, ಅಜ್ಜಿ, ಅಪ್ಪ, ಇಬ್ಬರು ಅತ್ತಿಯರು, ನಾಲ್ವರ ಆಧಾರ್.

ಜೋಯಿಡಾ ಕಡೆಯ ಓದುಗರಿಗೆ ಒಂದು ಮಾತು. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಪಡೆದ ಮನೆಗಳಿಗೆ ಲೆಕ್ಕ ಬೇರೆ. ಆ ಜಮೀನು ವಾರಸಾಗಿ ಮಕ್ಕಳಿಗೆ ಬರುತ್ತದೆ, ಆದರೆ ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಮದುವೆಯಾದವರಿದ್ದರೆ ಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಇದೆಯೋ ಇಲ್ಲವೋ ಒಮ್ಮೆ ತೆಗೆದು ನೋಡಿ. ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿ ಬಂದವರ ಮನೆಗಳಲ್ಲಂತೂ ಒಂದು ಕಾಗದದ ಬೆಲೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಅಪ್ಪನ ಉಯಿಲು ಈಗ ಎರಡನೇ ಕರಡಿನಲ್ಲಿದೆ. ಕಾರ್ಖಾನೆಯ ಹಳೇ ಡೈರಿಯಲ್ಲಿ, ಶಿಫ್ಟ್ ಲೆಕ್ಕ ಬರೆಯುತ್ತಿದ್ದ ಅದೇ ಗುಂಡನೆಯ ಅಕ್ಷರದಲ್ಲಿ ಬರೆದಿದ್ದಾರೆ. ಒಂದು ಸಾಕ್ಷಿ ನಮ್ಮ ಡಾಕ್ಟರು, ಇನ್ನೊಂದು ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬರು. ಹೋದ ಭಾನುವಾರ ಅದನ್ನು ಓದಿ ಹೇಳಿದರು. ಅವ್ವ ಈ ಸಲ ಎದ್ದು ಹೋಗಲಿಲ್ಲ. ಪೂರ್ತಿ ಕೇಳಿ, ಅಕ್ಕಿ ಆರಿಸುತ್ತಾ, "ಹಂಗಾದ್ರ ಜೋಯಿಡಾದಾಗ ನಮ್ಮಪ್ಪನ ತ್ವಾಟದಾಗ ನಂದೂ ಇರಬೇಕಲಾ?" ಅಂದಳು.

ಅಪ್ಪ ಡೈರಿ ಮುಚ್ಚಿದರು. ಮಾವನಿಗೆ ಇನ್ನೂ ಫೋನ್ ಮಾಡಿಲ್ಲ.